ಪಹಣಿಯಲ್ಲಿ ಅಜ್ಜನ ಹೆಸರು: ಉತ್ತರ ಕನ್ನಡದ ಆಸ್ತಿಗೆ ಬೇಕಾದ ಕಾನೂನು ನೆರವು

ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದ ಮೇಲೆ ಕಂದಾಯ ಇಲಾಖೆಗೆ ಒಂದು ಸಂಗತಿ ಎದ್ದು ಕಂಡಿತು. ರಾಜ್ಯದ ಲಕ್ಷಾಂತರ ಪಹಣಿಗಳು ಇನ್ನೂ ತೀರಿಹೋದವರ ಹೆಸರಿನಲ್ಲೇ ಇವೆ. ಅವುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು 2025ರಲ್ಲಿ ಇ-ಪೌತಿ ಆಂದೋಲನ ಆರಂಭವಾಯಿತು. ಇದು ಎಂದೋ ಆಗಬೇಕಿದ್ದ ಕೆಲಸ. ಖಾತೆ ಅಜ್ಜನ ಹೆಸರಿನಲ್ಲೇ ಉಳಿದರೆ ಸೇವಾ ಸಹಕಾರಿ ಸಂಘದ ಬೆಳೆಸಾಲಕ್ಕೆ ತೊಡಕು, ಅಡಿಕೆ ತೋಟದ ಬೆಳೆವಿಮೆಗೆ ತೊಡಕು, ಹೆದ್ದಾರಿಗೆ ಜಾಗ ಹೋದರೆ ಪರಿಹಾರದ ಹಣಕ್ಕೂ ತೊಡಕು.

ಆದರೆ ಪೌತಿ ಆಯಿತೆಂದರೆ ಆಸ್ತಿಯ ವಿಷಯ ಮುಗಿಯಿತು ಎಂದು ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆ ಹಲವರು ತಿಳಿದಿದ್ದಾರೆ. ಅದು ಮುಗಿಯುವುದಿಲ್ಲ. ಪೌತಿಯಿಂದ ವಾರಸುದಾರರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತದೆ, ಅಷ್ಟೇ. ಯಾರಿಗೆ ಮೇಲಿನ ತೋಟ, ಯಾರಿಗೆ ಕೆಳಗಿನ ಗದ್ದೆ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕತ್ವ ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಅಳಿಯುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಜಂಟಿ ಖಾತೆಯಲ್ಲಿ ಎಂಟು ಹತ್ತು ಹೆಸರು ಕೂತ ಮೇಲೆ ಒಬ್ಬರು ಸಾಲ ತೆಗೆಯಬೇಕಾದರೂ ಉಳಿದವರ ಸಹಿ ಬೇಕು. ಅವರಲ್ಲಿ ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ದುಬೈಯಲ್ಲಿ ಇರುತ್ತಾರೆ. ಹಾಗಾಗಿ ಪೌತಿ ಮುಗಿದಲ್ಲಿಂದ ನಿಜವಾದ ಕೆಲಸ ಶುರುವಾಗುತ್ತದೆ. ಆ ಕೆಲಸಕ್ಕೆ ಬೇಕಾದ ಕಾನೂನು ಸಲಹೆಯನ್ನು ಪಡೆಯುವ ರೂಢಿ ನಮ್ಮಲ್ಲಿ ಇಲ್ಲ.

ನಮ್ಮ ಜಿಲ್ಲೆಯಲ್ಲಿ ವಕೀಲರ ಬಳಿ ಹೋಗುವುದೆಂದರೆ ದಾವೆ ಹೂಡಲು ಹೋಗುವುದು ಎಂದೇ ಅರ್ಥ. ಹಿರಿಯರು ತೀರಿಕೊಳ್ಳಬೇಕು, ಅಣ್ಣತಮ್ಮಂದಿರ ಮಾತು ನಿಲ್ಲಬೇಕು, ನೋಟಿಸು ಬರಬೇಕು. ಆಮೇಲೆ ವಕೀಲರ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಯಾವ ಜಾಗ ಹೇಗೆ ಬಂತು ಎಂದು ತಿಳಿದಿದ್ದ ಒಬ್ಬನೇ ಮನುಷ್ಯ ಇಲ್ಲವಾಗಿರುತ್ತಾನೆ. ಬೇರೆಡೆ ಇದು ನಡೆದೀತು. ಉತ್ತರ ಕನ್ನಡದಲ್ಲಿ ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಒಂದೇ ಮನೆಯ ಭೂಮಿ ನಾಲ್ಕೈದು ಬಗೆಯ ಕಾನೂನಿಗೆ ಒಳಪಟ್ಟಿರುತ್ತದೆ.

ಗೇಣಿ ಭೂಮಿಯನ್ನೇ ನೋಡಿ. ಅಂಕೋಲಾದ ಸುತ್ತ ದಿನಕರ ದೇಸಾಯಿ ಅವರಂಥವರು 1940ರ ದಶಕದಲ್ಲಿ ಗೇಣಿದಾರರನ್ನು ಸಂಘಟಿಸಿದ ಜಿಲ್ಲೆ ಇದು. ಆಗ ಮುಂಬೈ ಪ್ರಾಂತ್ಯದ ಭಾಗವಾಗಿದ್ದ ಇಲ್ಲಿ ಮೊದಲು 1948ರ ಮುಂಬೈ ಗೇಣಿ ಕಾಯ್ದೆ ನಡೆಯಿತು. ಆಮೇಲೆ ಕರ್ನಾಟಕ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಅಧಿಭೋಗದ ಹಕ್ಕು, ಅಂದರೆ ಉಳುತ್ತಿದ್ದ ಜಮೀನನ್ನು ತಮ್ಮದಾಗಿ ಹೊಂದುವ ಹಕ್ಕು, ಕೇಳಿದರು. ಕರಾವಳಿಯ ಎಷ್ಟೋ ಮನೆಗಳ ಬದುಕು ನಿಂತಿರುವುದೇ ಆ ಆದೇಶದ ಮೇಲೆ. ಆದರೆ ಅರ್ಜಿ ಹಾಕಿದ್ದು ಸಾಮಾನ್ಯವಾಗಿ ಮನೆಯ ಹಿರಿಯ ಮಗ, ಹಕ್ಕು ದಾಖಲಾದದ್ದೂ ಅವನೊಬ್ಬನ ಹೆಸರಿಗೆ. ಆ ಹಿರಿಯನ ಮಕ್ಕಳು ಇಂದು ಜಮೀನು ತಮ್ಮದು ಎನ್ನುತ್ತಾರೆ. ಚಿಕ್ಕಪ್ಪನ ಮಕ್ಕಳು ಗೇಣಿ ಮಾಡಿದ್ದು ಇಡೀ ಕುಟುಂಬ ಎನ್ನುತ್ತಾರೆ. ಗೇಣಿ ಅವಿಭಕ್ತ ಕುಟುಂಬದ್ದಾಗಿದ್ದರೆ ಒಬ್ಬನ ಹೆಸರಿಗೆ ಬಂದ ಹಕ್ಕಿನ ಫಲ ಎಲ್ಲರಿಗೂ ಸಲ್ಲುತ್ತದೆ ಎಂದು ನ್ಯಾಯಾಲಯಗಳು ಹೇಳಿವೆ. ಆದರೆ ಅದು ಕುಟುಂಬದ ಗೇಣಿಯೇ, ಒಬ್ಬನ ಗೇಣಿಯೇ ಎಂಬುದನ್ನು ಹಳೆಯ ಗೇಣಿ ಚೀಟಿ, ನಮೂನೆ 7ರ ಪ್ರತಿ, ನ್ಯಾಯಮಂಡಳಿಯ ಮುಂದಿನ ಹೇಳಿಕೆಗಳಿಂದಲೇ ಸಾಬೀತು ಮಾಡಬೇಕು. ಆ ಕಾಗದ ಮನೆಯ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ತಾಲೂಕು ಕಚೇರಿಯ ದಾಖಲೆ ಕೋಣೆಯಿಂದ ನಕಲು ತರಬೇಕು. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಈ ಬಗೆಯ ಭೂಮಿಯಲ್ಲಿ ಇನ್ನಷ್ಟು ಸೂಕ್ಷ್ಮ. ಆದೇಶ ಓದದೆ ಯಾರೂ ಉತ್ತರ ಹೇಳಬಾರದು.

ಘಟ್ಟದ ಮೇಲಿನ ಮಾತು ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರು ‘ನಮ್ಮ ಬೆಟ್ಟ’ ಎಂದು ಸಹಜವಾಗಿ ಹೇಳುತ್ತಾರೆ. ಪಹಣಿಯಲ್ಲಿ ಹೆಸರೂ ಇರುತ್ತದೆ. ಆದರೆ ಬೆಟ್ಟ ಭೂಮಿಯ ಒಡೆತನ ಸರ್ಕಾರದ್ದು. ತೋಟಕ್ಕೆ ಸೊಪ್ಪು, ಕಟ್ಟಿಗೆ, ಮೇವು ತರುವ ಸೌಲಭ್ಯವಷ್ಟೇ ತೋಟದ ಮಾಲಕನದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ನಮ್ಮ ಜಿಲ್ಲೆಯ ಬೆಟ್ಟ ಮತ್ತು ಹಾಡಿಗಳ ಈ ಸೌಲಭ್ಯವನ್ನು ಹೆಸರು ಹೇಳಿ ಮುಂದುವರಿಸಿದೆ. ಸೌಲಭ್ಯ ತೋಟದ ಹಿಂದೆ ಹೋಗುತ್ತದೆ. ತೋಟ ಒಬ್ಬ ಮಗನಿಗೆ, ಬೆಟ್ಟ ಇನ್ನೊಬ್ಬನಿಗೆ ಎಂದು ಹಿಸ್ಸೆ ಪತ್ರ ಬರೆದರೆ ಎರಡನೆಯವನಿಗೆ ಬಹುಪಾಲು ಏನೂ ಸಿಗುವುದಿಲ್ಲ. ಜಗುಲಿಯಲ್ಲಿ ಕೂತು ಪಾಲು ಮಾಡುವಾಗ ‘ನಿನಗೆ ಬೆಟ್ಟ ಜಾಸ್ತಿ’ ಎಂದು ಸಮಾಧಾನ ಹೇಳುವ ಮನೆಗಳಿವೆ. ಅದು ಅನ್ಯಾಯವೆಂದು ಆ ಕ್ಷಣಕ್ಕೆ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ಕಾಗದಗಳನ್ನು ಓದಿ ಬಲ್ಲ ಸ್ಥಳೀಯ ವಕೀಲರು ಬೇಕು. ಬೆಂಗಳೂರಿನಲ್ಲಿ ಸಿದ್ಧ ನಮೂನೆಗೆ ಹೆಸರು ತುಂಬಿಸಿದ ಪತ್ರ ಇಲ್ಲಿ ಕೈಕೊಡುತ್ತದೆ.

ಇನ್ನು ಅರಣ್ಯ ಅತಿಕ್ರಮಣ. ಕಾಡೇ ಹೆಚ್ಚಿರುವ ಈ ಜಿಲ್ಲೆಯಲ್ಲಿ ತಲೆಮಾರುಗಳಿಂದ ಸಾಗುವಳಿ ಮಾಡುತ್ತಿದ್ದರೂ ಹಕ್ಕುಪತ್ರವಿಲ್ಲದ ಕುಟುಂಬಗಳು ಬಹಳ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಅದು ಮಕ್ಕಳಿಗೆ ಬರುತ್ತದೆ, ಆದರೆ ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಮದುವೆಯಾದವರಿಗೆ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬೇಕು. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅರ್ಜಿ ಬಾಕಿ ಇರುವಾಗ ಅರ್ಜಿದಾರ ತೀರಿಕೊಂಡರೆ ವಾರಸುದಾರರು ಅದನ್ನು ಮುಂದುವರಿಸಬೇಕು. ಇಂಥ ಜಾಗವನ್ನು ಮೃತ್ಯುಪತ್ರದಲ್ಲಿ ‘ನನ್ನ ಸ್ವಂತ ಆಸ್ತಿ’ ಎಂದು ಬರೆದು ಪ್ರಯೋಜನವಿಲ್ಲ. ಅರ್ಜಿಯ ಪ್ರತಿ, ದಂಡ ಕಟ್ಟಿದ ಹಳೆಯ ರಸೀದಿ, ಜಿಪಿಎಸ್ ನಕ್ಷೆ, ಇವುಗಳನ್ನು ಜೋಪಾನ ಮಾಡಿ ಯಾರ ಕೈಗೆ ಕೊಡಬೇಕೆಂದು ಹೇಳಿಹೋಗುವುದೇ ಅಲ್ಲಿ ನಿಜವಾದ ಮುಂದಾಲೋಚನೆ.

ಹೆಣ್ಣುಮಕ್ಕಳ ಪಾಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈಗ ನಡೆಯುತ್ತಿರುವ ಪೌತಿಯ ಗಡಿಬಿಡಿಯಲ್ಲಿ ಹೆಚ್ಚು ನಷ್ಟವಾಗುವುದು ಅವರಿಗೆ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಜನ್ಮತಃ ಹಕ್ಕು ಕೊಟ್ಟಿತು, ಅದೂ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಮಿತಿಯನ್ನು ತೆಗೆಯಿತು. ಆ ದಿನ ತಂದೆ ಬದುಕಿದ್ದರೆ ಮಾತ್ರ ಹಕ್ಕು ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ತೆರೆ ಎಳೆದಿದೆ: ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಆ ದಿನ ಇದ್ದರೋ ಇಲ್ಲವೋ ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗವನ್ನು ಮಾತ್ರ ಈಗ ಕೆದಕುವಂತಿಲ್ಲ. ಬಾಯಿಮಾತಿನ ಹಿಸ್ಸೆ ಆಗಿತ್ತು ಎಂದರೆ ಸಾಲದು. ಅದಕ್ಕೆ ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು. ತಂದೆ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿ ಬೇರೆ ಲೆಕ್ಕ. ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು. ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ಅವರ ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮಗನನ್ನು ಕಳೆದುಕೊಂಡ ಆ ಮುದುಕಿಯ ಪಾಲನ್ನು ವಂಶವೃಕ್ಷ ಬರೆಯುವಾಗಲೇ ಮರೆಯುವ ಮನೆಗಳು ಕಡಿಮೆಯಿಲ್ಲ.

ಪೌತಿಗೆ ಬಂದ ಅಧಿಕಾರಿಯ ಮುಂದೆ ‘ಅಣ್ಣನ ಹೆಸರಿಗೆ ಮಾಡಲು ನನ್ನ ಒಪ್ಪಿಗೆ ಇದೆ’ ಎಂದು ತಂಗಿ ಸಹಿ ಹಾಕುತ್ತಾಳೆ. ಅಷ್ಟರಿಂದ ಅವಳ ಹಕ್ಕು ಹೋಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ಮದುವೆಯ ಹೊತ್ತಿಗೆ ‘ಅಪ್ಪನ ಸ್ವಂತ ಆಸ್ತಿಯಲ್ಲಿ ನನಗೆ ಪಾಲು ಬೇಡ’ ಎಂದು ಬರೆಸಿಕೊಂಡ ಕಾಗದಕ್ಕೂ ತಂದೆ ಬದುಕಿರುವಾಗ ಸಾಮಾನ್ಯವಾಗಿ ಬೆಲೆಯಿಲ್ಲ, ಏಕೆಂದರೆ ಇನ್ನೂ ಕೈಗೆ ಬಾರದ ವಾರಸಾ ಹಕ್ಕನ್ನು ವರ್ಗಾಯಿಸಲು ಕಾನೂನು ಬಿಡುವುದಿಲ್ಲ. ಅಣ್ಣತಮ್ಮಂದಿರಿಗೂ ಇದು ತಿಳಿದಿರಬೇಕು. ತಂಗಿಯಿಂದ ಅಂಥ ಸಹಿ ಪಡೆದು ನಿಶ್ಚಿಂತರಾದವರು ಹತ್ತು ವರ್ಷ ಕಳೆದು ತೋಟ ಮಾರಲು ಹೊರಟಾಗ ಖರೀದಿದಾರನ ವಕೀಲರು ಅವಳ ಸಹಿ ಮತ್ತೆ ಕೇಳುತ್ತಾರೆ. ಪ್ರೀತಿಯಿಂದ ಪಾಲು ಬಿಡುವ ತಂಗಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅದು ಅವರ ದೊಡ್ಡಗುಣ. ಆದರೆ ಏನು ಬಿಡುತ್ತಿದ್ದೇನೆ, ಅದರ ಬೆಲೆ ಎಷ್ಟು ಎಂದು ತಿಳಿದು ಬಿಡಬೇಕು. ಅದನ್ನು ಅವಳಿಗೆ ತಿಳಿಸುವವರು ಅಣ್ಣ ಗೊತ್ತುಮಾಡಿದ ವಕೀಲರಾಗಿರಬಾರದು.

ಮೃತ್ಯುಪತ್ರ ಬರೆಯುವುದು ಅಪಶಕುನ ಎಂಬ ಭಾವನೆ ಕಡಿಮೆಯಾಗಿದೆ, ಆದರೆ ಬರೆಯುವ ರೀತಿ ಸುಧಾರಿಸಿಲ್ಲ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಬರೆದವರು ಸಹಿ ಮಾಡಿದ್ದನ್ನು ಸಾಕ್ಷಿಗಳು ಕಂಡಿರಬೇಕು ಅಥವಾ ಅವರ ಬಾಯಿಂದ ಕೇಳಿರಬೇಕು, ಮತ್ತು ಅವರೆದುರೇ ತಾವೂ ಸಹಿ ಹಾಕಬೇಕು. ಮುಂದೆ ವ್ಯಾಜ್ಯ ಬಂದರೆ ಬದುಕಿರುವ ಒಬ್ಬ ಸಾಕ್ಷಿಯನ್ನಾದರೂ ನ್ಯಾಯಾಲಯಕ್ಕೆ ಕರೆತರಬೇಕು. ನೋಂದಾಯಿತ ಮೃತ್ಯುಪತ್ರಕ್ಕೂ ಈ ನಿಯಮ ತಪ್ಪಿದ್ದಲ್ಲ. ಆದುದರಿಂದ ಎಂಬತ್ತರ ಅಜ್ಜನಿಗೆ ಎಂಬತ್ತರ ಗೆಳೆಯನೇ ಸಾಕ್ಷಿಯಾಗುವುದು ಜಾಣತನವಲ್ಲ. ಊರಿನಲ್ಲೇ ಇರುವ, ವಯಸ್ಸಿನಲ್ಲಿ ಕಿರಿಯರಾದ, ಪಾಲಿನಲ್ಲಿ ಆಸೆಯಿಲ್ಲದ ಇಬ್ಬರು ಬೇಕು. ಅನಾರೋಗ್ಯವಿದ್ದರೆ ಬುದ್ಧಿ ಸ್ವಾಧೀನದಲ್ಲಿದೆ ಎಂಬ ವೈದ್ಯರ ಪತ್ರ ಅದೇ ದಿನದ್ದಿರಲಿ. ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸುವುದು ಒಳ್ಳೆಯದು. ಹಾಸಿಗೆ ಹಿಡಿದವರಿದ್ದರೆ ಉಪನೋಂದಣಾಧಿಕಾರಿ ಮನೆಗೆ ಬರಲು ಕಾನೂನಿನಲ್ಲಿ ಅವಕಾಶವಿದೆ. ಮಕ್ಕಳಿಗೆ ಈಗಲೇ ತಿಳಿಯಬಾರದು ಎನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಪಿತ್ರಾರ್ಜಿತ ಆಸ್ತಿಯನ್ನು ಇಡಿಯಾಗಿ ಒಬ್ಬ ಮಗನಿಗೆ ಬರೆದ ಮೃತ್ಯುಪತ್ರಗಳು ಮಾತ್ರ ದಾವೆಯನ್ನು ಕೈಹಿಡಿದು ಕರೆಯುತ್ತವೆ. ಯಜಮಾನ ಬರೆಯಬಹುದಾದದ್ದು ತನ್ನ ಪಾಲನ್ನಷ್ಟೇ. ಬ್ಯಾಂಕಿನ ಠೇವಣಿ, ಷೇರುಗಳಿಗೆ ನಾಮಿನಿ ಮಾಡಿದ್ದೇನಲ್ಲ ಎನ್ನುವವರೂ ತಿಳಿಯಬೇಕು, ನಾಮಿನಿ ಹಣ ಪಡೆಯುವವನೇ ಹೊರತು ವಾರಸುದಾರರನ್ನು ಬದಿಗೆ ಸರಿಸಿ ಮಾಲಕನಾಗುವುದಿಲ್ಲ.

ಬದುಕಿರುವಾಗಲೇ ಬಕ್ಷೀಸ್ ಪತ್ರ ಮಾಡಿಕೊಡುವ ಆತುರ ಈಚೆಗೆ ಹೆಚ್ಚಾಗಿದೆ. ಹತ್ತಿರದ ಸಂಬಂಧಿಕರಿಗಾದರೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಶೇಕಡಾವಾರು ಬೀಳದೆ ಸಣ್ಣ ನಿಗದಿತ ಮೊತ್ತದಲ್ಲಿ ಮುಗಿಯುವುದೇ ಅದಕ್ಕೆ ಕಾರಣ. ಆದರೆ ಮೃತ್ಯುಪತ್ರವನ್ನು ಸಾಯುವ ಮುಂಚಿನ ದಿನದವರೆಗೂ ಬದಲಿಸಬಹುದು. ಬಕ್ಷೀಸ್ ಕೊಟ್ಟದ್ದನ್ನು ಹಿಂದೆ ಪಡೆಯುವುದು ಬಲು ಕಷ್ಟ. 60 ದಾಟಿದವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಒಂದು ಆಸರೆ: ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ನಮ್ಮಲ್ಲಿ ಕಾರವಾರ, ಕುಮಟಾ, ಶಿರಸಿ, ಭಟ್ಕಳಗಳಲ್ಲಿ ಉಪವಿಭಾಗಾಧಿಕಾರಿಗಳಿದ್ದಾರೆ. ಇಂಥ ಪತ್ರ ರದ್ದಾದಾಗ ಸ್ವಾಧೀನವನ್ನೂ ಮರಳಿ ಕೊಡಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯ ತೀರ್ಪಿನಲ್ಲಿ ಹೇಳಿದೆ. ಆದರೆ ಷರತ್ತು ಇತ್ತು ಎಂದು ತೋರಿಸಬೇಕಾಗುತ್ತದೆ. ಆದ್ದರಿಂದ ‘ಕೊನೆಯವರೆಗೆ ಊಟ, ಔಷಧ, ವಾಸಕ್ಕೆ ಮನೆ ಕೊಡಬೇಕು’ ಎಂಬ ಸಾಲು ಪತ್ರದೊಳಗೇ ಇರಲಿ. ಬರೆಯುವವರು ‘ಮಗನಲ್ಲವೇ, ಇದೆಲ್ಲ ಯಾಕೆ’ ಎಂದರೂ ಬಿಡಬೇಡಿ.

ಮೇಲೆ ಹೇಳಿದ ವಾರಸಾ ನಿಯಮಗಳು ಹಿಂದೂಗಳಿಗೆ. ಭಟ್ಕಳ, ಹೊನ್ನಾವರದ ಮುಸ್ಲಿಂ ಕುಟುಂಬಗಳಲ್ಲಿ ಸಾಲ ಮತ್ತು ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದುದರ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಮೃತ್ಯುಪತ್ರದಿಂದ ಕೊಡುವಂತಿಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ವಿಧವೆಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ. 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಸಿದ್ದಿಗಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ.

ಕಾರವಾರದವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಮಾಜಾಳಿಯ ಗಡಿ ದಾಟಿದರೆ ಗೋವಾ, ಅಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ನಾಗರಿಕ ಸಂಹಿತೆಯ ನಿಯಮಗಳು. ಅದರಂತೆ ಬೇರೆ ಒಪ್ಪಂದವಿಲ್ಲದಿದ್ದರೆ ಗಂಡ-ಹೆಂಡತಿಯ ಆಸ್ತಿ ಒಂದಾಗುತ್ತದೆ, ಮಕ್ಕಳಿರುವವರು ತಮ್ಮ ಪಾಲಿನ ಅರ್ಧವನ್ನಷ್ಟೇ ಇಷ್ಟಬಂದವರಿಗೆ ಬರೆಯಬಹುದು. ಗೋವಾದ ಡೊಮಿಸೈಲ್ (ಕಾನೂನಿನ ದೃಷ್ಟಿಯ ಕಾಯಂ ನೆಲೆ) ಹೊಂದಿದವರ ಆಸ್ತಿ ಭಾರತದ ಎಲ್ಲೇ ಇದ್ದರೂ ವಾರಸೆಗೆ ಆ ನಿಯಮವೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಹೆಣ್ಣು ಕೊಟ್ಟು ತಂದ ಸಂಬಂಧ, ಉದ್ಯೋಗ, ಮನೆ ಎಲ್ಲವೂ ಎರಡೂ ಕಡೆ ಹರಡಿಕೊಂಡ ಸದಾಶಿವಗಡ, ಮಾಜಾಳಿ ಭಾಗದ ಕುಟುಂಬಗಳಿಗೆ ಇದು ದಿನನಿತ್ಯದ ಪ್ರಶ್ನೆ. ಮಡಗಾಂವದಲ್ಲಿ ನೆಲೆಸಿದ ಮಗನ ಪಾಲಿನ ಕಾರವಾರದ ತೋಟ ಯಾವ ಕಾನೂನಿಗೆ ಸೇರುತ್ತದೆ ಎಂದು ಎರಡೂ ಕಡೆಯ ನಿಯಮ ಬಲ್ಲವರನ್ನು ಕೇಳದೆ ಪತ್ರ ಮಾಡಬೇಡಿ.

ಹಾಗಾದರೆ ಯಾರ ಬಳಿ ಹೋಗುವುದು? ಉಪನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರು ಅನುಭವಸ್ಥರು. ಚಕ್ಕುಬಂದಿ, ಸರ್ವೆ ನಂಬರು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಆ ತೀರ್ಮಾನಕ್ಕೆ ವಕೀಲರೇ ಬೇಕು, ಅದರಲ್ಲೂ ಕಂದಾಯ ದಾಖಲೆ ಓದಬಲ್ಲ ಸಿವಿಲ್ ವಕೀಲರು. ಮೊದಲ ಭೇಟಿಗೆ ಪಹಣಿಯ ಹಳೆಯ ಪ್ರತಿಗಳು, ಹಕ್ಕು ಬದಲಾವಣೆಯ ನಕಲುಗಳು, ಋಣಭಾರ ಪತ್ರ, ನ್ಯಾಯಮಂಡಳಿಯ ಆದೇಶ, ಮನೆ, ನಿವೇಶನಕ್ಕೆ ಪಂಚಾಯತಿ ಕೊಡುವ ಇ-ಸ್ವತ್ತು ನಮೂನೆ 9 ಮತ್ತು 11, ಮನೆತನದ ಪೂರ್ತಿ ವಂಶವೃಕ್ಷ ಒಯ್ಯಿರಿ. ಋಣಭಾರ ಪತ್ರ 2004ಕ್ಕಿಂತ ಹಿಂದಿನದು ಬೇಕಾದರೆ ಕೈಬರಹದ ಪುಸ್ತಕ ಹುಡುಕಿಸಬೇಕು; ಮೊಬೈಲಿನಲ್ಲಿ ಸಿಕ್ಕ ಪ್ರತಿಗೆ ತೃಪ್ತರಾಗಬೇಡಿ. ಜಮೀನಿನ ತುಂಡನ್ನು ಪಾಲು ಮಾಡುವುದಾದರೆ 11ಇ ನಕ್ಷೆ, ಅಂದರೆ ಆ ತುಂಡನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು, ಅದಕ್ಕೆ ಭೂಮಾಪಕರು ಬರಲು ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿಡಿ. ಶುಲ್ಕವನ್ನು ಮೊದಲ ದಿನವೇ ಮಾತಾಡಿ, ರಸೀದಿ ಕೇಳಿ. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎಂದು ಶುಲ್ಕ ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಬಾಕಿ ಶುಲ್ಕಕ್ಕಾಗಿ ಕಕ್ಷಿದಾರನ ಕಾಗದ ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಹಾಗಿದ್ದರೂ ಮೂಲಪತ್ರ ನಿಮ್ಮ ಬಳಿಯೇ ಇರಲಿ, ನಕಲು ಕೊಡಿ.

ಹೊರಗಿರುವ ಮಕ್ಕಳು ಮುಖ್ತ್ಯಾರ್ ಪತ್ರದ ಮೇಲೆ ಕೆಲಸ ನಡೆಸುತ್ತಾರೆ. ವಿದೇಶದಲ್ಲಿದ್ದವರು ಅದನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದರೆ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದರ ಬಲ ಮುಗಿಯುತ್ತದೆ. ತಂದೆ ಹೋದ ಮೇಲೂ ಅದೇ ಪತ್ರ ಹಿಡಿದು ಮಾರಾಟ ಮಾಡುವುದು ಮುಂದೆ ದೊಡ್ಡ ಪೆಟ್ಟು ಕೊಡುತ್ತದೆ.

ಹಣವಿಲ್ಲ ಎಂಬ ಕಾರಣಕ್ಕೆ ಸಲಹೆ ತಪ್ಪಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕು ನ್ಯಾಯಾಲಯಗಳಲ್ಲಿ ತಾಲೂಕು ಸಮಿತಿ ಇವೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಪಾಲಿನ ಪ್ರಶ್ನೆ ಹಿಡಿದುಕೊಂಡ ತಂಗಿಗೆ ತನಗೆಂದೇ ಬೇರೆ ವಕೀಲರನ್ನು ಉಚಿತವಾಗಿ ಪಡೆಯುವ ಹಕ್ಕಿದೆ ಎಂಬುದನ್ನು ನಮ್ಮ ಊರುಗಳಲ್ಲಿ ಎಷ್ಟು ಜನ ಅವಳಿಗೆ ಹೇಳುತ್ತಾರೆ? ರಾಜಿ ಸಾಧ್ಯವಿದ್ದರೆ ದಾವೆಗೆ ಮೊದಲೇ ಲೋಕ ಅದಾಲತ್ತಿಗೆ ಹೋಗಬಹುದು. ಅಲ್ಲಿ ಆದ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಹಾಗಾಗಿ ಸಹಿಗೆ ಮೊದಲು ಓದಿಸಿ ಕೇಳಿಕೊಳ್ಳಬೇಕು. ದಾವೆ ಬೆಳೆದು ಹೈಕೋರ್ಟಿಗೆ ಹೋದರೆ ಧಾರವಾಡ ಪೀಠ. 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆದ ಆ ಪೀಠದಿಂದ ಬೆಂಗಳೂರಿನ ಅಲೆದಾಟ ತಪ್ಪಿದೆ, ವರ್ಷಗಳ ಕಾಯುವಿಕೆ ತಪ್ಪಿಲ್ಲ. ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟ ಕಾರವಾರ, ಅಂಕೋಲಾದ ಕುಟುಂಬಗಳಿಗೆ ಆ ಕಾಯುವಿಕೆ ಎಂಥದೆಂದು ಗೊತ್ತು. ಹೆದ್ದಾರಿಗೆ ಹೋದ ಜಾಗದಲ್ಲೂ ವಾರಸುದಾರರು ಒಮ್ಮತಕ್ಕೆ ಬಾರದಿದ್ದರೆ ಪರಿಹಾರದ ಪಾಲಿನ ವಿವಾದ ಸಿವಿಲ್ ನ್ಯಾಯಾಲಯಕ್ಕೇ ಹೋಗುತ್ತದೆ.

ಕಾನೂನು ಸೇವಾ ಸಮಿತಿಗಳು ಅರಿವು ಶಿಬಿರಗಳನ್ನು ನಡೆಸುತ್ತವೆ. ಭಾಷಣ ಮುಗಿದ ಮೇಲೆ ಜನ ತಮ್ಮ ಕಾಗದ ತೋರಿಸಿ ಕೇಳುವ ಏರ್ಪಾಡು ಇದ್ದರೆ ಅವು ಇನ್ನೂ ಉಪಯುಕ್ತವಾಗುತ್ತವೆ. ಘಟ್ಟದ ಮೇಲೂ ಕೆಳಗೂ ಜನ ತಪ್ಪದೆ ಸೇರುವ ಜಾಗ ಸೇವಾ ಸಹಕಾರಿ ಸಂಘದ ವಾರ್ಷಿಕ ಸಭೆ. ಅಲ್ಲಿ ತಾಲೂಕು ಸಮಿತಿಯ ಒಬ್ಬ ವಕೀಲರು, ಗ್ರಾಮ ಆಡಳಿತ ಅಧಿಕಾರಿ, ಒಬ್ಬ ಭೂಮಾಪಕರು ಒಂದು ಮೇಜಿಗೆ ಕೂತು ಬಂದವರ ಪಹಣಿ ಓದಿ ‘ಇದು ಗೇಣಿಯದು, ಇದು ಬೆಟ್ಟ, ಇದರಲ್ಲಿ ನಿಮ್ಮ ತಂಗಿಯ ಪಾಲಿದೆ’ ಎಂದು ಹೇಳಲಿ. ಜೊಯಿಡಾದ ಒಳಹಳ್ಳಿಯವರು ಅಷ್ಟು ಕೇಳಲು ಕಾರವಾರಕ್ಕೆ ಬರುವ ಸ್ಥಿತಿ ಇರಬಾರದು. ಇ-ಪೌತಿಗಾಗಿ ಸಿಬ್ಬಂದಿ ಹೇಗೂ ಹಳ್ಳಿಗಳಲ್ಲಿ ಓಡಾಡುತ್ತಿದ್ದಾರೆ. ಅವರ ಜೊತೆ ಒಬ್ಬ ಕಾನೂನು ಸಲಹೆಗಾರರನ್ನು ಕಳಿಸಲು ಜಿಲ್ಲಾಡಳಿತ ಮತ್ತು ಜಿಲ್ಲಾ ಪ್ರಾಧಿಕಾರ ಒಟ್ಟಿಗೆ ಕೂತು ತೀರ್ಮಾನಿಸಿದರೆ ಸಾಕು.